ಕ್ಯಾಮೆರಾ ಮೊದಲೋ, ಬೀದಿದೀಪ ಮೊದಲೋ?

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ಸದಸ್ಯೆ. ಆರು ತಿಂಗಳಲ್ಲಿ ನಮ್ಮೂರಲ್ಲಿ ಮೂರು ಮನೆ ಕಳ್ಳತನ, ಎರಡು ಸರಗಳ್ಳತನ ಆಗಿವೆ. ಪಂಚಾಯಿತಿ ಅನುದಾನದಲ್ಲಿ ಎಂಟು ಸಿಸಿಟಿವಿ ಕ್ಯಾಮೆರಾ ಹಾಕಿಸೋಣ ಎಂದು ಎಲ್ಲರೂ ಪಟ್ಟು ಹಿಡಿದಿದ್ದಾರೆ. ಹಾಕಿಸಬಹುದೇ?
– ಓದುಗರು, ತುಮಕೂರು ಜಿಲ್ಲೆ

ಉತ್ತರ: ಮೊದಲು ಹಣದ ಲೆಕ್ಕ ನೋಡೋಣ. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ನಿರ್ಬಂಧಿತ. ಅದು ಕುಡಿಯುವ ನೀರು, ನೈರ್ಮಲ್ಯಕ್ಕೆ ಮಾತ್ರ. ಉಳಿದ ಶೇ 40 ಅನಿರ್ಬಂಧಿತ. ಸಂಬಳ, ಕಚೇರಿ ಖರ್ಚು ಬಿಟ್ಟು ಊರಿನ ಅಗತ್ಯಕ್ಕೆ ಬಳಸಲು ಅದರಲ್ಲಿ ಅವಕಾಶವಿತ್ತು. ಈಗ ಕೈಯಲ್ಲಿರುವ ಹಣಕ್ಕೆ ಯಾವ ಷರತ್ತು ಅನ್ವಯಿಸುತ್ತದೆ ಎಂಬುದನ್ನು ಪಿಡಿಒ ಬಳಿ ಬರಹದಲ್ಲೇ ಕೇಳಿ ಪಡೆಯಿರಿ. ಕೆಲಸ ವಾರ್ಡ್ ಸಭೆ, ಗ್ರಾಮಸಭೆಯಲ್ಲಿ ಚರ್ಚೆಯಾಗಿ ಕ್ರಿಯಾಯೋಜನೆಗೆ ಸೇರಲಿ.

ಹಾಕಿಸುವುದು ಸರಿಯೇ ಎಂದರೆ, ಈಗಲೇ ಬೇಡ ಎನ್ನುತ್ತೇನೆ. ಹೋದ ವರ್ಷ ಒಂದು ಊರಿಗೆ ಹೋಗಿದ್ದೆ. ಬಸ್ ನಿಲ್ದಾಣದ ಕಂಬದಲ್ಲಿ ನಾಲ್ಕು ಕ್ಯಾಮೆರಾ ಇದ್ದವು. ರೆಕಾರ್ಡ್ ಆಗುವ ಪೆಟ್ಟಿಗೆ ಪಂಚಾಯಿತಿ ಕಚೇರಿಯ ಬೀರುವಿನ ಮೇಲೆ, ಪ್ಲಗ್ ಕಿತ್ತು ಧೂಳು ಹಿಡಿದು ಕೂತಿತ್ತು. ರಾತ್ರಿ ಒಂಬತ್ತರ ಬಸ್ಸಿನಿಂದ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಕ್ಕಳು ಇಳಿದು, ಮೊಬೈಲ್ ಟಾರ್ಚ್ ಹಿಡಿದು, ಒಬ್ಬರ ಹಿಂದೊಬ್ಬರು ಕೆರೆ ಏರಿ ದಾಟಿ ಹೋದರು. ಏರಿಯ ಮೇಲಿದ್ದ ಐದು ದೀಪಗಳಲ್ಲಿ ಒಂದೂ ಉರಿಯುತ್ತಿರಲಿಲ್ಲ. ಆ ಹೆಣ್ಣುಮಕ್ಕಳಿಗೆ ಬೇಕಿದ್ದದ್ದು ಐದು ಬಲ್ಬು. ನನಗೆ ಆ ರಾತ್ರಿ ಇನ್ನೂ ಮರೆತಿಲ್ಲ.

ಕ್ಯಾಮೆರಾದಿಂದ ಪ್ರಯೋಜನವೇ ಇಲ್ಲ ಎನ್ನುತ್ತಿಲ್ಲ. ನಲವತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು 2019ರಲ್ಲಿ ಸಂಶೋಧಕರು ಲೆಕ್ಕ ಹಾಕಿದಾಗ, ಕ್ಯಾಮೆರಾ ಇದ್ದಲ್ಲಿ ಅಪರಾಧ ಸರಾಸರಿ ಶೇ 13ರಷ್ಟು ಕಡಿಮೆಯಾಗಿತ್ತು. ಹೆಚ್ಚು ಫಲ ಸಿಕ್ಕಿದ್ದು ವಾಹನ ನಿಲ್ಲಿಸುವ ಜಾಗಗಳಲ್ಲಿ. ಹೊಡೆದಾಟ, ಹಲ್ಲೆಯ ಮೇಲೆ ಗಮನಕ್ಕೆ ಬರುವಂಥ ಪರಿಣಾಮ ಕಾಣಲಿಲ್ಲ.

ಹಾಗಾದರೆ ಶುರು ಎಲ್ಲಿಂದ? ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ಕರ್ಕ್‌ಹೋಲ್ಟ್ ಬಡಾವಣೆಯನ್ನು ನೆನೆಯುತ್ತೇನೆ. ಎರಡು ಸಾವಿರಕ್ಕೂ ಹೆಚ್ಚು ಮನೆಗಳು, ಎಲ್ಲವೂ ಸ್ಥಳೀಯ ಕೌನ್ಸಿಲ್ ಬಾಡಿಗೆಗೆ ಕೊಟ್ಟವು. 1980ರ ದಶಕದ ಮಧ್ಯದಲ್ಲಿ ಅಲ್ಲಿ ಕಳ್ಳತನ ಮಿತಿಮೀರಿತ್ತು. ಗೃಹ ಇಲಾಖೆ ಹಣ ಕೊಟ್ಟಿತು. ಕೌನ್ಸಿಲ್, ಪೊಲೀಸರು, ವಿದ್ಯುತ್ ಮಂಡಳಿ ಕೈಜೋಡಿಸಿದರು. ಆದರೆ ಖರ್ಚಿಗೆ ಮೊದಲು ಅವರು ಮನೆಮನೆಗೆ ಹೋಗಿ ವಿಚಾರಿಸಿದರು. ಎರಡು ಸಂಗತಿ ಗೊತ್ತಾದವು. ಒಮ್ಮೆ ಕಳುವಾದ ಮನೆಗೇ ಕಳ್ಳರು ಮತ್ತೆ ಬರುತ್ತಿದ್ದರು. ಮತ್ತು ಅವರ ಕಣ್ಣು ಬಹಳ ಸಲ ಇದ್ದದ್ದು ನಾಣ್ಯ ಹಾಕಿದರೆ ಕರೆಂಟ್ ಬರುವ ಮೀಟರ್ ಪೆಟ್ಟಿಗೆಯ ಮೇಲೆ! ಆ ಮೀಟರ್‌ಗಳನ್ನು ತೆಗೆಸಿದರು. ಕಳುವಾದ ಮನೆಗೆ ಗಟ್ಟಿ ಬೀಗ ಹಾಕಿಸಿದರು. ಅಕ್ಕಪಕ್ಕದ ಐದಾರು ಮನೆಯವರಿಗೆ ಆ ಮನೆಯ ಮೇಲೊಂದು ಕಣ್ಣಿಡಲು ಕೇಳಿಕೊಂಡರು. ಮೂರು ವರ್ಷದಲ್ಲಿ ಕಳ್ಳತನ ಮೊದಲಿದ್ದುದರ ಕಾಲು ಭಾಗಕ್ಕೆ ಇಳಿಯಿತು.

ನಿಮ್ಮೂರಿನಲ್ಲೂ ಇದನ್ನೇ ಮಾಡಿ. ಐದು ಪ್ರಕರಣಗಳು ಎಲ್ಲಿ, ಎಷ್ಟು ಹೊತ್ತಿಗೆ, ಹೇಗೆ ನಡೆದವು? ಬೀಟ್ ಪೊಲೀಸರನ್ನು ಕೂರಿಸಿಕೊಂಡು ಊರಿನ ನಕ್ಷೆಯ ಮೇಲೆ ಗುರುತು ಹಾಕಿ. ಕೆಟ್ಟ ದೀಪಗಳನ್ನೂ ಅದೇ ನಕ್ಷೆಯಲ್ಲಿ ಗುರುತಿಸಿ. ಗುರುತುಗಳು ಒಂದೇ ಕಡೆ ಬಿದ್ದರೆ ಉತ್ತರ ನಿಮ್ಮ ಕಣ್ಣೆದುರೇ ಇರುತ್ತದೆ. ಆಮೇಲೂ ಕ್ಯಾಮೆರಾ ಬೇಕೆನಿಸಿದರೆ ಊರಿಗೆ ಬಂದು ಹೋಗುವ ದಾರಿಗೆ ಎರಡು ಸಾಕು. ಮೂರು ವರ್ಷದ ನಿರ್ವಹಣೆ ಯಾರದು, ದುಡ್ಡು ಎಲ್ಲಿಂದ ಎಂಬುದು ಠರಾವಿನಲ್ಲಿ ಬರಲೇಬೇಕು.

ಪ್ರಶ್ನೆ: ನಮ್ಮದು ಕಲ್ಯಾಣ ಮಂಟಪ. ಕ್ಯಾಮೆರಾ ಕಡ್ಡಾಯ ಎಂದು ನೋಟಿಸ್ ಬಂದಿದೆ. ಖರ್ಚನ್ನು ಸ್ಥಳೀಯ ಸಂಸ್ಥೆ ಕೊಡುತ್ತದೆಯೇ?
– ಓದುಗರು, ಹಾಸನ

ಉತ್ತರ: ಇಲ್ಲ. ಹೆಚ್ಚು ಜನ ಸೇರುವ ಸಂಸ್ಥೆಗಳಿಗಾಗಿ ರಾಜ್ಯದಲ್ಲಿ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಇದೆ. ಅದರ ಪ್ರಕಾರ ಕ್ಯಾಮೆರಾ ಖರ್ಚು ಮಾಲೀಕರದು. ದೃಶ್ಯಗಳನ್ನು 30 ದಿನ ಉಳಿಸಿಡಬೇಕು.

ಪ್ರಶ್ನೆ: ಸೇಫ್ ಸಿಟಿಗೆ ನೂರಾರು ಕೋಟಿ ಬಂದಿದೆಯಂತೆ. ನಮ್ಮ ಬಡಾವಣೆಯ ಪಾರ್ಕಿನ ಹಿಂದಿನ ರಸ್ತೆ ಇಂದಿಗೂ ಕತ್ತಲೆ. ಯಾರನ್ನು ಕೇಳಬೇಕು?
– ಓದುಗರು, ಬೆಂಗಳೂರು

ಉತ್ತರ: ಮಹಿಳೆಯರ ಸುರಕ್ಷತೆಗಾಗಿ ಕೇಂದ್ರದ ನಿರ್ಭಯಾ ನಿಧಿ ಆರಂಭವಾದದ್ದು 2013ರಲ್ಲಿ. ಅದರಡಿ ಸೇಫ್ ಸಿಟಿಗೆ ಆಯ್ಕೆಯಾದ ಎಂಟು ನಗರಗಳಲ್ಲಿ ಬೆಂಗಳೂರೂ ಒಂದು. ಇಲ್ಲಿನ ಯೋಜನೆ ಸುಮಾರು 667 ಕೋಟಿ ರೂಪಾಯಿಯದು. ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ಪೊಲೀಸರು ಮತ್ತು ಪಾಲಿಕೆ ಜಂಟಿಯಾಗಿ ಯೋಜನೆ ರೂಪಿಸಬೇಕೆಂಬುದೇ ಅದರ ತಳಹದಿ. ಕಣ್ಗಾವಲು ಪೊಲೀಸರ ಕೆಲಸವಾದರೂ ಬೀದಿದೀಪ ಪಾಲಿಕೆಯದು. 2025ರ ಸೆಪ್ಟೆಂಬರ್‌ನಿಂದ ನಗರದಲ್ಲಿ ಐದು ಪಾಲಿಕೆಗಳಾಗಿವೆ. ನಿಮ್ಮ ವಾರ್ಡ್ ಯಾವುದಕ್ಕೆ ಸೇರಿದೆ ಎಂದು ಮೊದಲು ತಿಳಿದುಕೊಳ್ಳಿ. ಕಂಬದ ಸಂಖ್ಯೆ ಬರೆದು ಪಾಲಿಕೆಯ ವಿದ್ಯುತ್ ವಿಭಾಗದ ಎಂಜಿನಿಯರ್‌ಗೆ ಅರ್ಜಿ ಕೊಡಿ, ಪ್ರತಿಯನ್ನು ಠಾಣೆಯ ಇನ್‌ಸ್ಪೆಕ್ಟರ್‌ಗೆ ಕಳಿಸಿ. ಒಬ್ಬರೇ ಹೋಗಬೇಡಿ. ಆ ರಸ್ತೆಯಲ್ಲಿ ರಾತ್ರಿ ಓಡಾಡುವ ಹೆಣ್ಣುಮಕ್ಕಳ ಸಹಿಯನ್ನೂ ಹಾಕಿಸಿಕೊಂಡು ಹೋಗಿ, ಸ್ವೀಕೃತಿ ಪಡೆಯದೆ ಬರಬೇಡಿ.