ವಿನ್ನೆಶೀಕ್ ಕೌಂಟಿ, ಅಯೋವಾ (ಅಮೆರಿಕ)

ಸ್ಥಾನ: ಅಯೋವಾ ರಾಜ್ಯದ ಈಶಾನ್ಯ ಭಾಗ, ಮಿನ್ನೆಸೋಟ ಗಡಿ. ಆಡಳಿತ ಕೇಂದ್ರ ಡೆಕೋರಾ; ನದಿ ಅಪ್ಪರ್ ಅಯೋವಾ. ಕೌಂಟಿಯ ಹೆಸರು ಹೋ-ಚಂಕ್ ಬುಡಕಟ್ಟಿನ ನಾಯಕನದು.

ಅಯೋವಾ ಎಂದೊಡನೆ ಸಮತಟ್ಟಾದ ಮೆಕ್ಕೆಜೋಳದ ಬಯಲು ಎಂದು ಬರೆದುಬಿಡಬೇಡಿ. ಈ ಕೌಂಟಿ ‘ಡ್ರಿಫ್ಟ್‌ಲೆಸ್’ ಪ್ರದೇಶ. ಕೊನೆಯ ಹಿಮಯುಗದ ಹಿಮಹಾಳೆ ಇಲ್ಲಿಗೆ ಬರಲಿಲ್ಲ. ಹಾಗಾಗಿ ಸುಣ್ಣಕಲ್ಲಿನ ಕಡಿದಾದ ಬಂಡೆ, ಗುಹೆ, ಬುಗ್ಗೆಗಳು ಉಳಿದಿವೆ. ಡೆಕೋರಾದ ಹಿಮಗುಹೆಯಂತೂ ವಿಸ್ಮಯ: ಹೊರಗೆ ಮಂಜು ಕರಗುವ ವಸಂತದಲ್ಲಿ, ಒಳಗೆ ಜಿನುಗುವ ನೀರು ಚಳಿಗಾಲದಲ್ಲಿ ತಣಿದ ಬಂಡೆಗೆ ತಾಗಿ ಹೆಪ್ಪುಗಟ್ಟುತ್ತದೆ.

ಸಮುದಾಯ: ಡೆಕೋರಾದಲ್ಲಿ ನಾರ್ವೆ ಮೂಲದವರು, ಅವರದೇ ಲೂಥರ್ ಕಾಲೇಜು (ಸ್ಥಾಪನೆ 1861), ವೆಸ್ಟರ್‌ಹೈಮ್ ವಸ್ತುಸಂಗ್ರಹಾಲಯ. ಸ್ಪಿಲ್‌ವಿಲ್ ಜೆಕ್ ಜನರ ಊರು. 1893ರ ಬೇಸಿಗೆಯಲ್ಲಿ ಇಲ್ಲಿ ತಂಗಿದ್ದ ಸಂಗೀತಗಾರ ಡ್ವೊರ್ಜಾಕ್, ‘ಅಮೆರಿಕನ್’ ಸ್ಟ್ರಿಂಗ್ ಕ್ವಾರ್ಟೆಟ್ ರಚಿಸಿದರು. ದೇಸಿ ಬೀಜ ಕಾಪಾಡುವ ಸೀಡ್ ಸೇವರ್ಸ್ ಎಕ್ಸ್‌ಚೇಂಜ್‌ನ ತೋಟ ಡೆಕೋರಾ ಬಳಿಯಿದೆ.