ಬೆಣ್ಣೆಯ ಸೀಮೆಯವರು ಮಾಡುವ ಹಾಲಿಲ್ಲದ ಹಣ್ಣಿನ ಸಿಹಿ

ಗೋವಿನಕೋವಿ, ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಕಡೆಯಿಂದ ಅಮೆರಿಕಕ್ಕೆ ಹೊಸದಾಗಿ ಬಂದಿರುವ ಮನೆಗಳಿಗೆ ರಾಜ್ಯೋತ್ಸವದ ಊಟಕ್ಕೆ ಮುಂಚೆ ಒಂದು ಮಾತು ಹೇಳುವುದಿದೆ. ಇಲ್ಲಿನ ಕನ್ನಡ ಕೂಟದ ಊಟವೆಂದರೆ ಪಾಟ್‌ಲಕ್, ಮನೆಗೊಂದು ಅಡುಗೆ. ಮೇಜಿನ ತುಂಬ ಸಿಹಿ ಇರುತ್ತದೆ. ಆದರೆ ಹಾಲಿನ ಅಲರ್ಜಿ ಇರುವ ಮಗು ಅದರಲ್ಲಿ ಒಂದನ್ನೂ ಮುಟ್ಟುವ ಹಾಗಿರುವುದಿಲ್ಲ. ಎಲ್ಲ ಮಕ್ಕಳೂ ತಟ್ಟೆ ಹಿಡಿದು ಓಡಾಡುವಾಗ ಆ ಒಂದು ಮಗು ಅಮ್ಮ ಡಬ್ಬಿಯಲ್ಲಿ ತಂದದ್ದನ್ನೇ ತಿನ್ನುತ್ತ ಕೂರಬೇಕು. ಹಾಗಾಗಬಾರದು.

ನಾವು ಬೆಣ್ಣೆದೋಸೆಯ ಜಿಲ್ಲೆಯವರು. ನಮ್ಮ ಅಡುಗೆಯಲ್ಲಿ ಹಾಲು ಎಲ್ಲೆಲ್ಲಿ ಅಡಗಿದೆ ಎಂದು ನಾವೇ ಲೆಕ್ಕ ಹಾಕಿರುವುದಿಲ್ಲ. ರವೆ ಹುರಿಯುವುದು ತುಪ್ಪದಲ್ಲಿ, ತಟ್ಟೆಗೆ ಸವರುವುದು ತುಪ್ಪ. ಹೋಳಿಗೆಯ ಕಣಕಕ್ಕೆ ಎಣ್ಣೆಯನ್ನೇ ಹಾಕಿದರೂ ಬಡಿಸುವಾಗ ಮೇಲೆ ಒಂದು ಮಿಳ್ಳೆ ತುಪ್ಪ ಬಿದ್ದೇ ಬೀಳುತ್ತದೆ. ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯದಲ್ಲಂತೂ ಹಾಲು, ತುಪ್ಪ ಎರಡೂ ಸೇರಿರುತ್ತವೆ. ಇಷ್ಟೆಲ್ಲ ಆದಮೇಲೂ "ಇದಕ್ಕೆ ಹಾಲು ಹಾಕಿಲ್ಲ" ಎಂದು ನಂಬಿ ಹೇಳುವವರು ನಮ್ಮಲ್ಲಿ ಬಹಳ. ತುಪ್ಪವೂ ಹಾಲಿನದೇ. ಈ ಲೇಖನದಲ್ಲಿ ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ.

ಹಾಲು ಒಗ್ಗದವರಲ್ಲಿ ಎರಡು ಬಗೆ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಕೆಲವರಿಗೆ ಜೀರ್ಣವಾಗುವುದಿಲ್ಲ. ಹೊಟ್ಟೆ ಉಬ್ಬರಿಸಿ, ಭೇದಿಯಾಗಿ ನರಳುತ್ತಾರೆ. ತುಪ್ಪದಲ್ಲಿ ಲ್ಯಾಕ್ಟೋಸ್ ತೀರಾ ಕಡಿಮೆ, ಹಾಗಾಗಿ ಅವರಲ್ಲಿ ಹಲವರಿಗೆ ತುಪ್ಪ ಒಗ್ಗುತ್ತದೆ. ಅಲರ್ಜಿಯ ವಿಷಯ ಹಾಗಲ್ಲ. ಅಲ್ಲಿ ದೇಹ ಸಿಡಿದೇಳುವುದು ಹಾಲಿನ ಪ್ರೋಟೀನಿಗೆ. ಚೆನ್ನಾಗಿ ಕಾಯಿಸಿ ಸೋಸಿದ ತುಪ್ಪದಲ್ಲೂ ಅದರ ಅಂಶ ಉಳಿದಿರುತ್ತದೆ. ಮೈಮೇಲೆ ದದ್ದು ಏಳಬಹುದು, ತುಟಿ ಊದಬಹುದು, ಕೆಲವು ಮಕ್ಕಳಿಗೆ ನಿಮಿಷಗಳಲ್ಲಿ ಉಸಿರೇ ಕಟ್ಟಬಹುದು. ಅದಕ್ಕೇ ಅಂಥ ಮಕ್ಕಳ ತಂದೆತಾಯಿ ಚೀಲದಲ್ಲಿ ಎಪಿನೆಫ್ರಿನ್ ಚುಚ್ಚುಮದ್ದು ಇಟ್ಟುಕೊಂಡೇ ಬರುತ್ತಾರೆ. ಊರಿಂದ ಬಂದಿರುವ ಹಿರಿಯರು ಪ್ರೀತಿಯಿಂದಲೇ "ಒಂಚೂರು ತಿಂದ್ರೆ ಏನಾಗ್ತತಿ ಬಿಡ್ರಿ" ಅನ್ನುತ್ತಾರೆ. ಅವರಿಗೆ ಮನೆಯಲ್ಲೇ, ಹೊರಡುವ ಮುಂಚೆಯೇ ತಿಳಿಸಿ ಹೇಳಿ. ಪ್ರಸಾದ ಕೊಡಲೇಬೇಕು ಅನ್ನಿಸಿದರೆ, ಸಿಪ್ಪೆ ಸುಲಿಯದ ಬಾಳೆಹಣ್ಣು ಪ್ರಸಾದವಲ್ಲವೇ?

ಈಗ ಸಿಹಿಗೆ ಬರೋಣ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಇಲ್ಲಿ ಸೇಬಿನ ಸುಗ್ಗಿ. ಆ ಸೇಬಿನಿಂದ ಇಲ್ಲಿಯವರು ಆಪಲ್ ಕ್ರಿಸ್ಪ್ ಮಾಡುತ್ತಾರೆ: ಕೆಳಗೆ ಹಣ್ಣು, ಮೇಲೆ ಹಿಟ್ಟು, ಓಟ್ಸ್, ಬೆಣ್ಣೆ ಕಲಸಿದ ಗರಿಗರಿ ಹೊದಿಕೆ. ಬೆಣ್ಣೆಯ ಜಾಗಕ್ಕೆ ಕೊಬ್ಬರಿ ಎಣ್ಣೆ, ಸಕ್ಕರೆಯ ಜಾಗಕ್ಕೆ ಬೆಲ್ಲ ಹಾಕಿದರೆ ಅದು ನಮ್ಮ ನಾಲಿಗೆಗೆ ಇನ್ನೂ ಹತ್ತಿರವಾಗುತ್ತದೆ. ಕೇಕಿನಷ್ಟು ನಾಜೂಕೂ ಅಲ್ಲ. ಓವನ್ ಮುಟ್ಟಿಯೇ ಇಲ್ಲದವರು ಮೊದಲು ಮಾಡಬೇಕಾದ ತಿಂಡಿ ಇದು ಎಂಬುದು ನನ್ನ ಅಭಿಪ್ರಾಯ.

ಕೊಬ್ಬರಿ ಎಣ್ಣೆ ಎಂದ ಕೂಡಲೇ ನಮ್ಮ ಬಯಲುಸೀಮೆಯವರು ಮುಖ ಸಿಂಡರಿಸುತ್ತಾರೆ, ಗೊತ್ತು. ನಮಗೆ ಅದು ತಲೆಗೆ ಹಚ್ಚುವ ಎಣ್ಣೆ, ಅಡುಗೆಗೆ ಬಳಸುವವರು ಮಂಗಳೂರಿನವರು. ಇಲ್ಲಿನ ಅಂಗಡಿಯಲ್ಲಿ ರಿಫೈನ್ಡ್ ಎಂದು ಬರೆದಿರುವುದನ್ನು ತನ್ನಿ, ವಾಸನೆ ಇರುವುದಿಲ್ಲ. ಈ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಿನಲ್ಲಿ ಗಟ್ಟಿಯಾಗುತ್ತದೆ, ಚಳಿಗಾಲದಲ್ಲಿ ಡಬ್ಬಿಯಲ್ಲಿ ಬೆಣ್ಣೆಯ ಹಾಗೇ ಕೂತಿರುತ್ತದೆ. ನಮಗೆ ಬೇಕಾದದ್ದೂ ಅದೇ. ಕರಗಿಸಲು ಹೋಗಬೇಡಿ. ಗಟ್ಟಿ ಎಣ್ಣೆಯನ್ನು ಹಿಟ್ಟಿಗೆ ಬೆರಳ ತುದಿಯಲ್ಲಿ ಉಜ್ಜಿದರೆ ಹರಳು ಹರಳಾಗಿ ಉದುರುತ್ತದೆ, ಬೆಂದಾಗ ಗರಿಗರಿಯಾಗುತ್ತದೆ. ಅದರ ಬದಲು ಮಾರ್ಗರಿನ್ ಹಾಕೋಣವೆಂದರೆ ಹಲವು ಮಾರ್ಗರಿನ್‌ಗಳಲ್ಲಿ ಹಾಲಿನ ಅಂಶ ಇರುತ್ತದೆ, ಚೀಟಿ ಓದದೆ ಕೊಳ್ಳಬೇಡಿ.

ಎಂಟು ಇಂಚಿನ ಚೌಕದ ಗಾಜಿನ ಪಾತ್ರೆಗೆ ಆರು ಮಧ್ಯಮ ಗಾತ್ರದ ಸೇಬು ಸಾಕು. ಹುಳಿ ಇರುವ ಹಸಿರು ಗ್ರಾನಿ ಸ್ಮಿತ್ ಮೂರು, ಸಿಹಿಯ ಕೆಂಪು ಹಣ್ಣು ಮೂರು ಸೇರಿಸಿದರೆ ಬೆಲ್ಲಕ್ಕೆ ಚೆನ್ನಾಗಿ ಹೊಂದುತ್ತದೆ. ಸಿಪ್ಪೆ ತೆಗೆದು ತೆಳ್ಳಗೆ ಹೆಚ್ಚಿ, ಕಾಲು ಕಪ್ ಬೆಲ್ಲದ ಪುಡಿ, ಒಂದು ದೊಡ್ಡ ಚಮಚ ನಿಂಬೆರಸ, ಒಂದು ದೊಡ್ಡ ಚಮಚ ಕಾರ್ನ್‌ಸ್ಟಾರ್ಚ್, ಅರ್ಧ ಟೀ ಚಮಚ ಏಲಕ್ಕಿ ಪುಡಿ, ಚಿಟಿಕೆ ಒಣಶುಂಠಿ ಹಾಕಿ ಕಲಸಿ ಹರಡಿ. ಹೊದಿಕೆಗೆ ಒಂದು ಕಪ್ ಗೋಧಿ ಹಿಟ್ಟು ಅಥವಾ ಮೈದಾ, ಒಂದು ಕಪ್ ಓಟ್ಸ್, ಅರ್ಧ ಕಪ್ ಬೆಲ್ಲದ ಪುಡಿ, ಒಂದು ಹಿಡಿ ಒಣಕೊಬ್ಬರಿ ತುರಿ, ಕಾಲು ಟೀ ಚಮಚ ಉಪ್ಪು, ಅರ್ಧ ಕಪ್ ಗಟ್ಟಿ ಕೊಬ್ಬರಿ ಎಣ್ಣೆ. ಇವನ್ನೆಲ್ಲ ಬೆರಳ ತುದಿಯಲ್ಲಿ ಉಜ್ಜಿ ಹಣ್ಣಿನ ಮೇಲೆ ಉದುರಿಸಿ. ಇಲ್ಲಿನ ಕಪ್ ಎಂದರೆ 240 ಮಿಲಿಲೀಟರ್, ಮನೆಯ ಕಾಫಿ ಲೋಟದ ಅಳತೆ ಅಲ್ಲ.

ಬಹಳ ಮನೆಗಳಲ್ಲಿ ಬಾಣಲೆ, ತವಾ ಇಡುವ ಜಾಗವೇ ಓವನ್ ಆಗಿರುತ್ತದೆ. ಹಚ್ಚುವ ಮುಂಚೆ ಬಾಗಿಲು ತೆಗೆದು ಒಳಗೆ ನೋಡಿ, ಪ್ಲಾಸ್ಟಿಕ್ ಏನಾದರೂ ಇದ್ದರೆ ಮನೆ ತುಂಬ ಹೊಗೆಯಾಗುತ್ತದೆ. ಬ್ರಾಯ್ಲ್ ಅಲ್ಲ, ಬೇಕ್ ಒತ್ತಿ. ಶಾಖ 375 ಇಡಿ. ಅದು ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಸುಮಾರು 190 ಡಿಗ್ರಿ ಸೆಲ್ಸಿಯಸ್. ಓವನ್ ಪೂರ್ತಿ ಬಿಸಿಯಾದ ಮೇಲೆ ನಡುವಿನ ಅಟ್ಟಕ್ಕೆ ಪಾತ್ರೆ ಇಟ್ಟು ಸುಮಾರು 40 ನಿಮಿಷ ಬೇಯಿಸಿ. ಬೆಲ್ಲ ಸಕ್ಕರೆಗಿಂತ ಬೇಗ ಕಂದುಬಣ್ಣಕ್ಕೆ ತಿರುಗುತ್ತದೆ, ಹಾಗಾಗಿ ಬಣ್ಣ ನೋಡಿ ಬೆಂದಿದೆ ಎನ್ನಬೇಡಿ. ಅಂಚಿನಲ್ಲಿ ಹಣ್ಣಿನ ರಸ ಕೊತಕೊತ ಕುದಿಯಬೇಕು. ಅದಕ್ಕೂ ಮುಂಚೆ ಮೇಲ್ಭಾಗ ಕೆಂಪಾದರೆ ಅಲ್ಯೂಮಿನಿಯಂ ಹಾಳೆ ಹೊದಿಸಿ.

ಚಂದ ಕಾಣಲೆಂದು ಮೇಲೆ ಗೋಡಂಬಿ, ಎಳ್ಳು, ಶೇಂಗಾ ಉದುರಿಸಬೇಡಿ. ಈ ಮೂರೂ ಇಲ್ಲಿನ ಕಾನೂನು ಹೆಸರಿಸಿರುವ ಅಲರ್ಜಿ ಪದಾರ್ಥಗಳ ಗುಂಪಿಗೆ ಸೇರಿವೆ. ಎಳ್ಳು ಆ ಪಟ್ಟಿಗೆ ಒಂಬತ್ತನೆಯದಾಗಿ ಸೇರಿದ್ದು 2023ರ ಜನವರಿಯಿಂದ. ಪೊಟ್ಟಣ ಕೊಳ್ಳುವಾಗ ಪದಾರ್ಥಗಳ ಪಟ್ಟಿಯನ್ನೂ ಅದರ ಕೆಳಗೆ "ಕಂಟೇನ್ಸ್" ಎಂಬ ಸಾಲಿದ್ದರೆ ಅದನ್ನೂ ಓದಿ. ಪೊಟ್ಟಣದ ಮುಂಭಾಗದ "ನಾನ್‌ಡೈರಿ" ಎಂಬ ಮಾತನ್ನು ಮಾತ್ರ ನಂಬಬೇಡಿ, ಹಾಗೆ ಬರೆದ ಕಾಫಿ ಕ್ರೀಮರಿನಲ್ಲೂ ಹಾಲಿನಿಂದ ತೆಗೆದ ಕೇಸಿನೇಟ್ ಇರುವುದುಂಟು.

ಪಾತ್ರೆ, ಚಮಚ, ಕೈ ಮೂರೂ ತೊಳೆದಿರಲಿ. ತುಪ್ಪದ ಸೌಟು ಹತ್ತಿರ ಸುಳಿಯದಿರಲಿ. ಊಟದ ಮೇಜಿನಲ್ಲಿ ಇದಕ್ಕೆ ಬೇರೆ ಜಾಗ, ಬೇರೆ ಸೌಟು ಬೇಕು. ಪಾಯಸಕ್ಕೆ ಅದ್ದಿದ ಸೌಟನ್ನು ಯಾರಾದರೂ ಇದಕ್ಕೆ ಅದ್ದಿದರೆ ಅಷ್ಟೂ ಶ್ರಮ ವ್ಯರ್ಥ. ಅಲರ್ಜಿ ಇರುವ ಮಕ್ಕಳಿಗೆ ಎಲ್ಲರಿಗಿಂತ ಮೊದಲು ಬಡಿಸಿಬಿಡಿ.

ಈ ಸಲ ಸಿಹಿ ತರುವವರೆಲ್ಲರೂ, ಯಾವ ಸಿಹಿಯೇ ಆಗಲಿ, ಹಾಕಿದ್ದೆಲ್ಲವನ್ನೂ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದು ಚೀಟಿಯಲ್ಲಿ ಬರೆದು ಪಾತ್ರೆಗೆ ಅಂಟಿಸಿ ತನ್ನಿ. ತುಪ್ಪ ಹಾಕಿದ್ದರೆ ತುಪ್ಪ ಎಂದೇ ಬರೆಯಿರಿ.