ಹಳ್ಳಿಯ ಮರಕ್ಕೆ ಕಾನೂನಿನ ಕಾವಲು

ಇಂಗ್ಲೆಂಡಿನ ಡಾರ್ಸೆಟ್ ಕೌಂಟಿಯಲ್ಲಿ ಟಾಲ್‌ಪಡಲ್ ಎಂಬ ಸಣ್ಣ ಹಳ್ಳಿಯಿದೆ. ಅಲ್ಲಿ ಒಂದು ಹಳೆಯ ಸಿಕಮೋರ್ ಮರವಿದೆ. ಕೂಲಿ ಕಡಿತದಿಂದ ಕಂಗೆಟ್ಟ ಕೃಷಿ ಕಾರ್ಮಿಕರು ಈ ಮರದ ನೆರಳಲ್ಲಿ ಸೇರಿ ಸಂಘ ಕಟ್ಟಿದರೆಂದು ಊರವರು ಹೇಳುತ್ತಾರೆ. ಅವರಲ್ಲಿ ಆರು ಮಂದಿಗೆ 1834ರಲ್ಲಿ ಏಳು ವರ್ಷಗಳ ಗಡೀಪಾರು ಶಿಕ್ಷೆಯಾಯಿತು. ಜನರ ಹೋರಾಟದ ಫಲವಾಗಿ 1836ರಲ್ಲಿ ಅವರಿಗೆ ಕ್ಷಮಾದಾನ ಸಿಕ್ಕಿತು. ಮರ 1680ರ ದಶಕದ್ದೆಂದು 2005ರಲ್ಲಿ ಅಂದಾಜಿಸಲಾಯಿತು. ಈಗ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಅದನ್ನು ನೋಡಿಕೊಳ್ಳುತ್ತಿದೆ.

ಎಲ್ಲ ಹಳೆಯ ಮರಗಳಿಗೂ ಇಂಥ ಪೋಷಕರು ಇರುವುದಿಲ್ಲ. ಊರಿಗೆಲ್ಲ ಬೇಕಾದ ಮರ ಒಬ್ಬರ ಹಿತ್ತಲಲ್ಲಿದ್ದರೆ, ಅದನ್ನು ಕಡಿಯುವ ಹಕ್ಕು ಅವರಿಗಿದೆಯೇ?

ಮರ ಸಂರಕ್ಷಣಾ ಆದೇಶ

ಇಂಗ್ಲೆಂಡಿನಲ್ಲಿ 1990ರ ಪಟ್ಟಣ ಮತ್ತು ಗ್ರಾಮ ಯೋಜನಾ ಕಾಯ್ದೆ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. ಮರವೊಂದು ಸಾರ್ವಜನಿಕರಿಗೆ ಮುಖ್ಯವೆಂದು ಕಂಡರೆ ಸ್ಥಳೀಯ ಯೋಜನಾ ಪ್ರಾಧಿಕಾರವು ‘ಮರ ಸಂರಕ್ಷಣಾ ಆದೇಶ’ ಹೊರಡಿಸಬಹುದು. ಒಂಟಿ ಮರಕ್ಕೂ, ಗುಂಪಿಗೂ, ಇಡೀ ತೋಪಿಗೂ ಆದೇಶ ಅನ್ವಯಿಸಬಹುದು. ಅದು ಹೊರಟ ಕ್ಷಣದಿಂದಲೇ ತಾತ್ಕಾಲಿಕವಾಗಿ ಜಾರಿಗೆ ಬರುತ್ತದೆ. ಮಾಲೀಕರಿಗೆ ಆಕ್ಷೇಪ ಸಲ್ಲಿಸಲು ಕನಿಷ್ಠ 28 ದಿನಗಳ ಅವಕಾಶವಿದೆ. ಪ್ರಾಧಿಕಾರ ಆರು ತಿಂಗಳೊಳಗೆ ಆದೇಶವನ್ನು ಖಚಿತಪಡಿಸದಿದ್ದರೆ ಆ ತಾತ್ಕಾಲಿಕ ರಕ್ಷಣೆ ಮುಗಿಯುತ್ತದೆ.

ಆದೇಶ ಬಂದ ಮೇಲೂ ಮರ ಮಾಲೀಕರದ್ದೇ; ಅದರ ಆರೈಕೆಯ ಹೊಣೆಯೂ ಅವರದ್ದೇ. ಆದರೆ ಕೊಂಬೆ ಕತ್ತರಿಸಲೂ ಲಿಖಿತ ಅನುಮತಿ ಬೇಕು. ಅನುಮತಿ ಸಿಗದಿದ್ದರೆ ಮೇಲ್ಮನವಿ ಸಲ್ಲಿಸಬಹುದು. ಸತ್ತ ಮರಕ್ಕೂ, ಕೂಡಲೇ ಅಪಾಯ ತರುವ ಮರಕ್ಕೂ ವಿನಾಯಿತಿ ಇದೆ.

ಇಡೀ ಹಳ್ಳಿಗೆ ರಕ್ಷಣೆ

ಹಳೆಯ ಹಳ್ಳಿಗಳ ಎಷ್ಟೋ ಭಾಗಗಳು ‘ಸಂರಕ್ಷಿತ ಪ್ರದೇಶ’ಗಳಾಗಿವೆ. ಅಲ್ಲಿ ಪ್ರತ್ಯೇಕ ಆದೇಶವಿಲ್ಲದ ಮರ ಕಡಿಯಬೇಕಿದ್ದರೂ ಆರು ವಾರ ಮೊದಲೇ ನೋಟಿಸ್ ಕೊಡಬೇಕು. ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಾಂಡದ ವ್ಯಾಸ 75 ಮಿಲಿಮೀಟರ್‌ಗಿಂತ ಹೆಚ್ಚಿದ್ದರೆ ಈ ನಿಯಮ ಸಾಮಾನ್ಯವಾಗಿ ಅನ್ವಯಿಸುತ್ತದೆ. ಆ ಆರು ವಾರಗಳಲ್ಲಿ ಮರವನ್ನು ಪರಿಶೀಲಿಸಿ, ಉಳಿಸಬೇಕೆನಿಸಿದರೆ ಆದೇಶ ಹೊರಡಿಸಲು ಪ್ರಾಧಿಕಾರಕ್ಕೆ ಸಮಯ ಸಿಗುತ್ತದೆ.

ತಪ್ಪಿದರೆ?

ಆದೇಶವಿರುವ ಮರವನ್ನು ಅನುಮತಿಯಿಲ್ಲದೆ ಕಡಿಯುವುದು ಅಪರಾಧ. ದಂಡಕ್ಕೆ ಗರಿಷ್ಠ ಮಿತಿಯಿಲ್ಲ. ಮರ ಕಡಿದದ್ದರಿಂದ ಬಂದ ಲಾಭವನ್ನೂ ನ್ಯಾಯಾಲಯ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಇಲ್ಲದಿದ್ದರೆ ಮನೆ ಕಟ್ಟಿ ಮಾರುವವರಿಗೆ ದಂಡವೂ ವ್ಯಾಪಾರದ ಒಂದು ಖರ್ಚಾಗಿಬಿಡುತ್ತಿತ್ತು. ಸಾಮಾನ್ಯವಾಗಿ ಅದೇ ಜಾಗದಲ್ಲಿ ಬದಲಿ ಗಿಡ ನೆಡುವ ಹೊಣೆಯೂ ಜಮೀನಿನ ಮಾಲೀಕರ ಮೇಲೆ ಬೀಳುತ್ತದೆ.

ಆದರೆ ಮುನ್ನೂರು ವರ್ಷದ ಮರಕ್ಕೆ ಇಂದು ನೆಟ್ಟ ಸಸಿ ಸಮವಾಗದು. ದಂಡ ಕಟ್ಟಿದರೂ ನೆರಳು ಮರಳಿ ಬಾರದು. ಅದಕ್ಕೇ ಈ ಕಾನೂನಿನ ನಿಜವಾದ ಬಲ ಶಿಕ್ಷೆಯಲ್ಲಿಲ್ಲ. ಕೊಡಲಿ ಎತ್ತುವ ಮೊದಲು ‘ಸ್ವಲ್ಪ ತಡೆ, ಊರನ್ನೂ ಕೇಳು’ ಎನ್ನುವುದರಲ್ಲಿದೆ.

ಯೋಚಿಸಿ ಬರೆಯಿರಿ
1. ಆದೇಶವು ಖಚಿತವಾಗುವ ಮೊದಲೇ ಜಾರಿಗೆ ಬರುವುದು ಏಕೆ ಅಗತ್ಯ?
2. ಮರದ ಆರೈಕೆಯ ಖರ್ಚು ಮಾಲೀಕರದ್ದು, ಅದರ ಚೆಲುವು ಊರಿನದ್ದು. ಇದು ನ್ಯಾಯವೇ? ಎರಡೂ ಕಡೆಯ ವಾದಗಳನ್ನು ಬರೆಯಿರಿ.